ರಾಚಯ್ಯ ಕಲ್ಲಟ್ಟಿ ಇಳಿಯುವ ಬಗೆ

ಮಸಿನಗುಡಿಯ ರಾಚಯ್ಯನಿಗೆ ಕಂಡರಾಗದ ವಸ್ತುಗಳು ಬಹಳ. ಕಾಗದದ ಲೋಟದ ಟೀ ಆಗುತ್ತಿರಲಿಲ್ಲ. ಜಿಂಕೆ ಕಂಡ ಕೂಡಲೇ ಕಾರಿನಿಂದಿಳಿದು ಕುಣಿಯುವ ಜನ ಆಗುತ್ತಿರಲಿಲ್ಲ. ಬಯಲುಸೀಮೆಯ ಡ್ರೈವರುಗಳ ಮಾತೆತ್ತಿದರೆ ಉಗುಳಲು ಜಾಗ ಹುಡುಕುತ್ತಿದ್ದ. ಇವೆಲ್ಲವನ್ನೂ ಒಟ್ಟು ಹಾಕಿದರೂ ಬ್ಯಾಟರಿ ಕಾರಿನ ಮೇಲೆ ಅವನಿಗಿದ್ದ ತಾತ್ಸಾರದ ಅರ್ಧಕ್ಕೆ ಬರುತ್ತಿರಲಿಲ್ಲ. ಅದನ್ನು ಅವನು ಕಾರು ಎಂದು ಕರೆದದ್ದೇ ಇಲ್ಲ, ಮಿಕ್ಸಿ ಎನ್ನುತ್ತಿದ್ದ. ಆ ಮಿಕ್ಸಿಯನ್ನು ದಿನ ಬಿಟ್ಟು ದಿನ ಓಡಿಸುವುದೇ ಅವನ ಹೊಟ್ಟೆಪಾಡಾಗಿತ್ತು ಎನ್ನುವುದು ಬೇರೆ ಮಾತು.

ಅವನ ಅಪ್ಪ ಗುಂಡ್ಲುಪೇಟೆ ಸೀಮೆಯಿಂದ ಕಾಡು ದಾಟಿ ಈ ಕಡೆ ಬಂದವನು. ಸಿಂಗಾರದ ಪವರ್‌ಹೌಸಿಗೆ ಬೆಟ್ಟದ ತಲೆಯಿಂದ ನೀರು ಇಳಿಸುವ ದಪ್ಪ ಪೈಪುಗಳಿವೆಯಲ್ಲ, ಅವುಗಳ ತುಕ್ಕು ಕೆರೆದು ಬಣ್ಣ ಬಳಿಯುವ ಕೂಲಿಗೆ ಸೇರಿಕೊಂಡ. ರಾಚಯ್ಯ ಹುಟ್ಟಿದ್ದು ಆ ಪೈಪಿನ ಬುಡದ, ಕೂಲಿಗಳ ಲೈನ್ ಮನೆಯಲ್ಲಿ. ಹಗಲೂ ರಾತ್ರಿ ನೀರು ಇಳಿಯುವ ಗುಂಯ್ ಸದ್ದಿನ ಪಕ್ಕದಲ್ಲೇ ಮಲಗಿ ಎದ್ದು ಬೆಳೆದ. ಕರೆಂಟಿನ ಬಗ್ಗೆ ಅಪ್ಪ ಅವನಿಗೆ ಹೇಳಿಕೊಟ್ಟದ್ದು ಒಂದೇ ಪಾಠ: ಮುಟ್ಟಿದರೆ ಸಾಯುತ್ತೀಯ. ಅದಕ್ಕಿಂತ ಹೆಚ್ಚು ತಿಳಿದುಕೊಳ್ಳುವ ಗೋಜಿಗೆ ರಾಚಯ್ಯ ಹೋಗಲಿಲ್ಲ. ಅವನ ಕಣ್ಣೆಲ್ಲ ಪವರ್‌ಹೌಸಿನ ಸಾಹೇಬರ ಜೀಪಿನ ಮೇಲಿತ್ತು. ಅದನ್ನು ತೊಳೆಯುವ ಕೆಲಸದಿಂದ ಶುರುವಾಗಿ, ಇಪ್ಪತ್ತೆರಡಕ್ಕೆ ಬ್ಯಾಡ್ಜು ಸಿಕ್ಕಿ, ಮುಂದೆ ನಲವತ್ತು ವರ್ಷ ಮಸಿನಗುಡಿಗೂ ಊಟಿಗೂ ನಡುವೆ ಗಾಡಿ ಓಡಿಸಿದ.

ಆ ರಸ್ತೆ ಮೂವತ್ತು ಕಿಲೋಮೀಟರು. ಅದರ ನಡುವಿನದು ಕಲ್ಲಟ್ಟಿ ಘಾಟಿ, ಮೂವತ್ತಾರು ಹೇರ್‌ಪಿನ್ ತಿರುವು. ಹತ್ತಲು ಯಾರು ಬೇಕಾದರೂ ಹತ್ತಬಹುದು. ಇಳಿಯಲು ಮಾತ್ರ ಹೊರಗಿನ ಗಾಡಿಗಳನ್ನು ಪೊಲೀಸರು ಬಿಡುವುದಿಲ್ಲ, ನೀಲಗಿರಿ ನಂಬರಿನವರಿಗಷ್ಟೇ ದಾರಿ. ಅಷ್ಟು ಜನ ಅಲ್ಲಿ ಬ್ರೇಕು ಸುಟ್ಟುಕೊಂಡು ಕಣಿವೆ ಕಂಡಿದ್ದಾರೆ. ಆ ಚೆಕ್‌ಪೋಸ್ಟಿನ ಮುಂದೆ ಮುಖ ಸಪ್ಪಗೆ ಮಾಡಿಕೊಂಡು ಹಿಂದಕ್ಕೆ ತಿರುಗುವ ದೊಡ್ಡ ದೊಡ್ಡ ಕಾರುಗಳ ಪಕ್ಕದಲ್ಲಿ ತನ್ನ ಹಳೇ ಜೀಪನ್ನು ಸದ್ದಿಲ್ಲದೆ ತೇಲಿಸಿಕೊಂಡು ಹೋಗುವುದರಲ್ಲಿ ರಾಚಯ್ಯನಿಗೆ ಸಿಗುತ್ತಿದ್ದ ಸುಖ ಇನ್ಯಾವುದರಲ್ಲೂ ಸಿಗುತ್ತಿರಲಿಲ್ಲ.

ಸದ್ದಿಲ್ಲದೆ ಎಂದದ್ದು ಸುಮ್ಮನೆ ಅಲ್ಲ. ಇಳಿಜಾರು ಶುರುವಾದ ಕೂಡಲೇ ರಾಚಯ್ಯ ಗೇರು ತಪ್ಪಿಸಿ ನ್ಯೂಟ್ರಲ್‌ಗೆ ಹಾಕುತ್ತಿದ್ದ. ಎಂಜಿನ್ನಿಗೆ ಕೆಲಸವಿಲ್ಲ, ಡೀಸೆಲ್ ಖರ್ಚಿಲ್ಲ, ಗಾಡಿ ತನ್ನ ತೂಕಕ್ಕೇ ತಾನು ಇಳಿಯುತ್ತದೆ. ಬ್ರೇಕನ್ನು ಒತ್ತಿ ಹಿಡಿಯಬಾರದು, ಮುಟ್ಟಿ ಮುಟ್ಟಿ ಬಿಡಬೇಕು. ಯಾವ ತಿರುವಿನಲ್ಲಿ ಎಷ್ಟು ಮುಟ್ಟಬೇಕೆಂದು ಪಾದಕ್ಕೆ ಗೊತ್ತಿರಬೇಕು. ತಪ್ಪಿದರೆ ಹೆಣ. 'ಕಡಿಮೆ ಗೇರಿನಲ್ಲೇ ಇಳಿಯಿರಿ' ಎಂದು ತಿರುವು ತಿರುವಿಗೂ ಬೋರ್ಡು ಹಾಕಿದ್ದಾರೆ. ಆ ಬೋರ್ಡು ಓದಲು ಬರುವವರಿಗಾಗಿ ಎನ್ನುತ್ತಿದ್ದ ರಾಚಯ್ಯ. ತನಗೆ ತಮಿಳು ಅಕ್ಷರ ಬರುವುದಿಲ್ಲ ಎಂಬುದನ್ನು ಇಷ್ಟು ಗತ್ತಿನಿಂದ ಹೇಳಿಕೊಂಡವರು ಆ ತಾಲ್ಲೂಕಿನಲ್ಲಿ ಬೇರೆ ಇಲ್ಲ. ಒಂದು ಇಳಿತಕ್ಕೆ ಒಂದು ಲೀಟರ್ ಡೀಸೆಲ್ ಉಳಿಸುವ ಡ್ರೈವರೆಂದು ಹಳೇ ಮಾಲೀಕರೆಲ್ಲ ಅವನನ್ನು ಇಟ್ಟುಕೊಳ್ಳಲು ಹಾತೊರೆಯುತ್ತಿದ್ದರು. ಹೇಗೆ ಉಳಿಸುತ್ತಾನೆಂದು ಅವರು ಕೇಳುತ್ತಿರಲಿಲ್ಲ, ಇವನೂ ಹೇಳುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಅವನ ಜೀಪಿಗೆ ವಯಸ್ಸು ಮುಗಿಯಿತು. ರಸ್ತೆಗೆ ಯೋಗ್ಯವೆಂಬ ಎಫ್‌ಸಿ ಸಿಗಲಿಲ್ಲ. ಅದೇ ಹೊತ್ತಿಗೆ ಗೂಡಲೂರಿನ ಮೆಣಸಿನ ವ್ಯಾಪಾರಿ ಗುರುಮೂರ್ತಿ ಮಸಿನಗುಡಿಯಲ್ಲಿ ಐದು ಕಾಟೇಜು ಕಟ್ಟಿಸಿ, ಬಂದವರನ್ನು ಊಟಿಗೆ ಕರೆದೊಯ್ದು ತರಲು ಡ್ರೈವರನ್ನು ಹುಡುಕುತ್ತಿದ್ದ. ರಾಚಯ್ಯ ಸೇರಿಕೊಂಡ. ಬಾಡಿಗೆ ಗಾಡಿಯೊಂದನ್ನು ಓಡಿಸಿಕೊಂಡು ಹಾಯಾಗಿದ್ದ. ಅಷ್ಟರಲ್ಲಿ ಗುರುಮೂರ್ತಿ ಪೇಪರಿನಲ್ಲಿ ಜಾಹೀರಾತು ನೋಡಿದ. ಒಮ್ಮೆ ಚಾರ್ಜು ಮಾಡಿದರೆ ಮುನ್ನೂರ ಹನ್ನೆರಡು ಕಿಲೋಮೀಟರು ಎಂದು ದಪ್ಪ ಅಕ್ಷರದಲ್ಲಿತ್ತು. ಹದಿನಾಲ್ಕು ಲಕ್ಷ ಕೊಟ್ಟು ಬಿಳಿ ಕಾರು ತಂದು ಶೆಡ್ಡಿನಲ್ಲಿ ನಿಲ್ಲಿಸಿ, ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟ.

"ಮುನ್ನೂರ ಹನ್ನೆರಡು ಕಿಲೋಮೀಟ್ರು ಯಾವ ದೇಸದಲ್ಲಿ ಸ್ವಾಮಿ?" ಎಂದ ರಾಚಯ್ಯ. "ಮೇಜಿನ ಮ್ಯಾಲ ಓಡುಸ್ದಾರ?"

"ಟೆಸ್ಟ್ ಮಾಡಿರ್ತಾರೆ ರಾಚಯ್ಯ."

"ಮಾಡಿರ್ತಾರ, ಮಾಡಿರ್ತಾರ. ಕಲ್ಲಟ್ಟಿ ಹತ್ಸಿ ಟೆಸ್ಟು ಮಾಡಿದ್ರ ಅದ್ರ ಮೂತಿ ತಿಳಿತಿತ್ತು."

ಬ್ಯಾಟರಿಯೊಂದಕ್ಕೇ ಆರೂವರೆ ಲಕ್ಷ, ಅದು ಕೆಟ್ಟರೆ ಕಾರಿನ ಅರ್ಧ ಬೆಲೆ ಹೋದಂತೆ ಎಂದು ತಿಳಿದ ದಿನ ರಾಚಯ್ಯ ಮನೆಗೆ ಬಂದು ಹೆಂಡತಿ ಸಿದ್ದಾಜಮ್ಮನ ಮುಂದೆ ಕೂತು ಅರ್ಧ ಗಂಟೆ ನಕ್ಕ. ಹಸು ಕೊಂಡುಕೊಂಡ ಮೇಲೆ ಕೆಚ್ಚಲಿಗೆ ಬೇರೆ ಬೆಲೆ ಹೇಳಿದಂಗಾಯ್ತು ಎಂದ. ಸಿದ್ದಾಜಮ್ಮ ಬಸ್‌ಸ್ಟಾಂಡಿನ ಹತ್ತಿರ ಇಡ್ಲಿ ಅಂಗಡಿ ಇಟ್ಟವಳು. ಅವಳ ಗ್ರೈಂಡರಿನ ಪ್ಲಗ್ಗಿಗೆ ಹಿಂದಿನ ವಾರವಷ್ಟೇ ಪ್ರವಾಸಿಯೊಬ್ಬ ಗೋಗರೆದು ತನ್ನ ಬ್ಯಾಟರಿ ಕಾರು ಚುಚ್ಚಿದ್ದ. ಬೆಳಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ ಕರೆಂಟು ಕುಡಿದರೂ ಕಾರು ಊಟಿ ಮುಟ್ಟುವಷ್ಟೂ ತುಂಬದೆ, ಆ ಮನುಷ್ಯ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಆರು ಗಂಟೆ ಹೊತ್ತು ಹಿಟ್ಟು ರುಬ್ಬಲಾಗದೆ ಸಿದ್ದಾಜಮ್ಮನಿಗೂ ಕೋಪ ಬಂದಿತ್ತು. ಆದರೂ ಅವಳು ಗಂಡನಿಗೆ ಹೇಳಿದ್ದು ಇಷ್ಟು: "ನಗು, ನಗು. ನಾಳಿಂದ ನೀನೇ ಅಲ್ವ ಅದರಲ್ಲಿ ಕೂರಾದು."

ಕೂತ. ಬೇರೆ ದಾರಿ ಇರಲಿಲ್ಲ. ಅರವತ್ತೆರಡರ ಡ್ರೈವರಿಗೆ ಹೊಸದಾಗಿ ಸ್ಟೇರಿಂಗು ಕೊಡುವವರು ಯಾರೂ ಇಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸ್ಟೇರಿಂಗ್ ಇಲ್ಲದ ರಾಚಯ್ಯ ಎಂದರೆ ಏನೆಂದು ಅವನು ಯೋಚಿಸಿಯೂ ಇರಲಿಲ್ಲ. ಬೈದುಕೊಂಡೇ ಕೂತ, ಬೈದುಕೊಂಡೇ ಓಡಿಸಿದ. ಸದ್ದಿಲ್ಲ, ನಡುಕವಿಲ್ಲ, ಗೇರಿಲ್ಲ, ಕ್ಲಚ್ಚಿಲ್ಲ. ಎಡಗಾಲಿಗೆ ಕೆಲಸವೇ ಇಲ್ಲ, ಎಡಗಾಲು ಮನೇಲೇ ಬುಟ್ಟು ಬರಬೌದು ಎಂದ.

ಇದು ಸಾಲದೆಂಬಂತೆ ಗುರುಮೂರ್ತಿ ಎರಡನೇ ಡ್ರೈವರಾಗಿ ರೂಪಶ್ರೀಯನ್ನು ತಂದ. ರೂಪಶ್ರೀ ಬೇರೆ ಯಾರೂ ಅಲ್ಲ, ರಾಚಯ್ಯನ ತಂಗಿಯ ಮಗಳು. ಮೂವತ್ತರ ಹೆಂಗಸು, ಗೂಡಲೂರಿನಲ್ಲಿ ಶಾಲೆಯ ವ್ಯಾನು ಓಡಿಸುತ್ತಿದ್ದವಳು. ಆ ವ್ಯಾನು ನಿಂತ ಮೇಲೆ ಜೀಪಿನವರು ಯಾರೂ ಅವಳಿಗೆ ಕೆಲಸ ಕೊಟ್ಟಿರಲಿಲ್ಲ. ಗೇರಿಲ್ಲದ ಗಾಡಿ, ಹೆಂಗಸರಿಗೂ ಆಗುತ್ತದೆ ಎಂಬ ಲೆಕ್ಕದಲ್ಲಿ ಗುರುಮೂರ್ತಿ ಕೊಟ್ಟ. ಒಂದು ದಿನ ರಾಚಯ್ಯ, ಮರುದಿನ ರೂಪಶ್ರೀ. ಅವಳಿಗೆ ಮೊದಲು ಸ್ಟೇರಿಂಗು ಹಿಡಿಸಿದ್ದು ರಾಚಯ್ಯನೇ. ಆದ್ದರಿಂದ ಅವಳಿಗೆ ಏನೂ ಬರುವುದಿಲ್ಲ ಎಂದು ಹೇಳುವ ಹಕ್ಕು ತನಗೆ ಹುಟ್ಟಿನಿಂದ ಬಂದದ್ದೆಂದು ತಿಳಿದಿದ್ದ.

ಮೊದಲ ದಿನ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಘಾಟಿ ಇಳಿದು ತೋರಿಸಿದ. ಘಾಟಿಯ ತಲೆಯಲ್ಲಿರುವ ತಲೈಕುಂದ ದಾಟಿದ ಕೂಡಲೇ, ಗೇರಿನ ಬದಲಿಗಿದ್ದ ಗುಂಡಿಯನ್ನು ನ್ಯೂಟ್ರಲ್‌ಗೆ ತಿರುಗಿಸಿದ. ಕಾರು ತೇಲಿತು. ಮೂವತ್ತಾರು ತಿರುವನ್ನೂ ಬೆಣ್ಣೆಯಲ್ಲಿ ಕೂದಲೆಳೆದಂತೆ ಇಳಿಸಿ, ಕೆಳಗೆ ಬಂದು, ನೂರಕ್ಕೆ ಎಷ್ಟು ಚಾರ್ಜು ಉಳಿದಿದೆಯೆಂದು ಹೇಳುವ ಮೀಟರಿನ ನಂಬರು ತೋರಿಸಿದ. "ನೋಡವ್ವ, ಮೂವತ್ತು ಕಿಲೋಮೀಟ್ರಿಗೆ ಎರಡೇ ಪಾಯಿಂಟು ಖರ್ಚು. ಕಂಪ್ನಿಯೋನ ತಾತನ್ನ ಕರ್ಕ ಬಾ, ಇಷ್ಟ್ರಲ್ಲಿ ಇಳಿಸ್ತಾನ ಕೇಳು."

"ನಾನೂ ಹಿಂಗೇ ಇಳಿಸ್ಲಾ ಮಾವ?"

ರಾಚಯ್ಯ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ನ್ಯೂಟ್ರಲ್ಲು ನಿಂಗ ಬರಾದಿಲ್ಲ. ಮುಟ್ಟಕ್ಕೂ ಹೋಗ್ಬ್ಯಾಡ. ನೀನು ಸ್ಕೂಲ್ ವ್ಯಾನ್‌ನವಳು. ಬೋರ್ಡಲ್ಲಿ ಬರ್ದಿರಂಗೆ ಡ್ರೈವಲ್ಲೇ ಹಾಕ್ಕಂಡು ತೆವಳ್ಕಂಡು ಬಾ."

"ಆಯ್ತು ಮಾವ" ಎಂದಳು ರೂಪಶ್ರೀ. ಅವಳು ಮಾವನ ಮಾತು ಮೀರಿದವಳಲ್ಲ. ಅಂದಿನಿಂದ ಡ್ರೈವ್‌ನಲ್ಲೇ ತೆವಳಿಕೊಂಡು ಇಳಿದಳು.

ಹದಿನೈದು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಸಿದ್ದಾಜಮ್ಮನ ಅಂಗಡಿಯಲ್ಲಿ ಇಡ್ಲಿ ತಿನ್ನುತ್ತ ಅವಳು ಸಂಕೋಚದಿಂದಲೇ ಕೇಳಿದಳು: "ಮಾವ, ನಂಗೆ ಇಳಿವಾಗ ನಂಬರು ಏರ್ತದೆ. ಊಟೀಲಿ ಎಪ್ಪತ್ತಿದ್ರೆ ಕೆಳಗೆ ಬರೋ ಹೊತ್ತಿಗೆ ಎಪ್ಪತ್ತೈದು ಆಗಿರ್ತದೆ. ನಿಮ್ಗೂ ಆಯ್ತದಾ?"

ಅಂಗಡಿಯಲ್ಲಿದ್ದ ನಾಲ್ಕು ಜೀಪಿನವರಿಗೂ ಕೇಳಿಸಲೆಂದು ರಾಚಯ್ಯ ಗಂಟಲು ಎತ್ತರಿಸಿದ. "ಕೇಳ್ರಪ್ಪೋ. ನಮ್ಮ ರೂಪ ಮ್ಯಾಲಿಂದ ಕೆಳಕ್ಕ ಬಂದ್ರ ಟ್ಯಾಂಕು ತುಂಬ್ಕತದಂತ. ನಲವತ್ತು ವರ್ಷದಿಂದ ಇಳೀತಿವ್ನಿ ಕನವ್ವ, ಒಂದು ತೊಟ್ಟು ಡೀಸಲ್ಲೂ ತುಂಬ್ಲಿಲ್ಲ ನಂಗ. ಮಿಕ್ಸಿ ಮೀಟ್ರು ಕೆಟ್ಟದ, ಅದ್ಕ ನಿನ್ ತಲೆನೂ ಕೆಟ್ಟದ." ಎಲ್ಲರೂ ನಕ್ಕರು. ರೂಪಶ್ರೀ ಇಡ್ಲಿ ಮುಗಿಸಿ, ಕೈ ತೊಳೆದು, ಕಾರು ತೆಗೆದುಕೊಂಡು ಹೋದಳು. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಅವಮಾನ ಮಾಡುವುದು ಸುಲಭ, ಆದರೆ ದಿನದ ಕೊನೆಗೆ ಲೆಕ್ಕಕ್ಕೆ ಬರುವುದು ಟ್ರಿಪ್ಪು. ಶೆಡ್ಡಿನ ಗೋಡೆಯ ಚಾರ್ಜರಿನಲ್ಲಿ ಕಾರು ತುಂಬಲು ಸಂಜೆಯಿಂದ ಬೆಳಗಿನವರೆಗೆ ಹತ್ತು ಗಂಟೆ ಬೇಕು. ಊಟಿಯಲ್ಲಿ ಬೇಗ ತುಂಬಿಸುವ ಚಾರ್ಜರಿದೆ, ಒಂದು ಗಂಟೆ ಎಂದು ಬರೆದಿದೆ, ಸರದಿಯಲ್ಲಿ ನಿಂತರೆ ಮಧ್ಯಾಹ್ನವೇ ಹೋಗುತ್ತದೆ. ಹಾಗಾಗಿ ಬೆಳಗ್ಗೆ ತುಂಬಿದ್ದರಲ್ಲೇ ದಿನ ಕಳೆಯಬೇಕು. ಒಮ್ಮೆ ಹತ್ತಿದರೆ ಮೂವತ್ತು ಪಾಯಿಂಟ್ ಹೋಗುತ್ತಿತ್ತು. ರೂಪಶ್ರೀ ತನ್ನ ದಿನದಲ್ಲಿ ಮೂರು ಸಲ ಊಟಿಗೆ ಹೋಗಿ ಬಂದು, ಇನ್ನೂ ಕಾಲು ಭಾಗ ಚಾರ್ಜು ಉಳಿಸಿಕೊಂಡು ಕಾರು ನಿಲ್ಲಿಸುತ್ತಿದ್ದಳು. ರಾಚಯ್ಯನಿಗೆ ಎರಡು ಸಲಕ್ಕೇ ಉಸಿರು ಕಟ್ಟುತ್ತಿತ್ತು. ಮೂರನೆಯದಕ್ಕೆ ಹೊರಟರೆ ಮೇಲೆ ಮುಟ್ಟುವುದೇ ಅನುಮಾನ.

ಇದರ ಅರ್ಥವೇನೆಂದು ಯಾವ ಮೂಢನಿಗೂ ಹೊಳೆಯಬೇಕಿತ್ತು. ರಾಚಯ್ಯನಿಗೆ ಹೊಳೆದದ್ದೇ ಬೇರೆ. ಎತ್ತನ್ನು ಒಬ್ಬ ಮಿತಿಮೀರಿ ದುಡಿಸಿದರೆ ಮಾರನೇ ದಿನದವನಿಗೆ ಅದು ಮಲಗಿಬಿಡುತ್ತದೆ. ಅವಳು ಮೂರು ಮೂರು ಟ್ರಿಪ್ಪು ಹೊಡೆದು ಬ್ಯಾಟರಿಯ ಜೀವ ಹಿಂಡುತ್ತಾಳೆ, ನನ್ನ ದಿನಕ್ಕೆ ಅದು ಸುಸ್ತಾಗಿರುತ್ತದೆ. ಈ ಸಿದ್ಧಾಂತವನ್ನು ಅವನು ಮೊದಲು ಜೀಪ್ ಸ್ಟಾಂಡಿನಲ್ಲಿ ಹೇಳಿದ, ಆಮೇಲೆ ಗುರುಮೂರ್ತಿಯ ಕಿವಿಗೇ ಹಾಕಿದ. ಗುರುಮೂರ್ತಿಗೆ ಮೆಣಸು ಗೊತ್ತು, ಗಾಡಿ ಗೊತ್ತಿಲ್ಲ. ನಲವತ್ತು ವರ್ಷದ ಅನುಭವಸ್ಥ ಹೇಳುತ್ತಿದ್ದಾನಲ್ಲ ಎಂದು ನಂಬಿದ. ಮೂರು ಟ್ರಿಪ್ಪು ಮಾಡಿ ದುಡಿದು ಕೊಟ್ಟವಳನ್ನೇ ಓರೆಗಣ್ಣಿನಿಂದ ನೋಡತೊಡಗಿದ.

ನಾಲ್ಕನೇ ತಿಂಗಳಿಗೆ ಮುಂದಿನ ಬ್ರೇಕ್ ಪ್ಯಾಡುಗಳು ಸವೆದು ತಗಡಾದವು. ಇಂಥ ಕಾರಿನಲ್ಲಿ ಇವು ವರ್ಷಗಟ್ಟಲೆ ಬರಬೇಕಲ್ಲ, ಏನು ಮಾಡಿದ್ದೀರಿ ಎಂದು ಊಟಿಯ ಮೆಕ್ಯಾನಿಕ್ ಕೇಳಿದ. ಪ್ಯಾಡನ್ನೂ ಕಾಗದದಲ್ಲಿ ಮಾಡಿದ್ದಾರೆ ಎಂದ ರಾಚಯ್ಯ. ಅಷ್ಟು ಹೇಳಿ, ಹೊಸ ಪ್ಯಾಡು ಹಾಕಿಸಿಕೊಂಡು, ಅವತ್ತೂ ನ್ಯೂಟ್ರಲ್‌ನಲ್ಲೇ ಇಳಿದ.

ಏಪ್ರಿಲ್ ತಿಂಗಳ ಸೀಸನ್ನಿನಲ್ಲಿ ಆಗಬೇಕಾದದ್ದು ಆಯಿತು. ಕಾಟೇಜು ತುಂಬಿತ್ತು. ಮಧ್ಯಾಹ್ನ ಮೂರು ಗಂಟೆಗೆ ಮೂರನೇ ಟ್ರಿಪ್ಪು ಮಾಡಲೇಬೇಕೆಂದು ಗುರುಮೂರ್ತಿ ಹಟ ಹಿಡಿದ. ಮೂವತ್ತನಾಲ್ಕು ಪಾಯಿಂಟಿತ್ತು. ಹಿಂದೆ ಕೂತ ನಾಲ್ಕು ಜನ ದಪ್ಪಗಿದ್ದರು, ಸಾಮಾನೂ ದಪ್ಪಗಿತ್ತು, ಎಸಿ ಬೇಕೆಂದರು. ಕೊನೆಯ ತಿರುವುಗಳ ಹತ್ತಿರ ಪರದೆಯ ಮೇಲೆ ಚಾರ್ಜು ಮುಗಿಯುತ್ತಿದೆಯೆಂಬ ಆಮೆಯ ಚಿತ್ರ ಮೂಡಿತು, ಕಾರು ಆಮೆಯಂತೆಯೇ ಹರಿದು, ನಿಂತಿತು. ಹಿಂದೆ ಗಾಡಿಗಳ ಸಾಲು, ಹಾರ್ನು. ಹಗ್ಗ ಕಟ್ಟಿ ತಲೈಕುಂದದವರೆಗೆ ಎಳೆದುಕೊಂಡು ಹೋದದ್ದು ತರಕಾರಿ ಇಳಿಸಿ ಬರುತ್ತಿದ್ದ ಒಂದು ಮುದಿ ಪಿಕಪ್ಪು. ಅದರ ಹೊಗೆ ಕುಡಿಯುತ್ತ ಸ್ಟೇರಿಂಗು ಹಿಡಿದು ಕೂತ ರಾಚಯ್ಯನನ್ನು ನೋಡಿ, ಎದುರಿನಿಂದ ಇಳಿದ ಜೀಪಿನವರೆಲ್ಲ ನಿಧಾನ ಮಾಡಿ, ಕೈ ಬೀಸಿ ಹೋದರು. ನಲವತ್ತು ವರ್ಷದಲ್ಲಿ ಮೊದಲ ಸಲ ಅವನು ಕಲ್ಲಟ್ಟಿಯಲ್ಲಿ ತಲೆ ತಗ್ಗಿಸಿದ.

ಮರುದಿನ ಗುರುಮೂರ್ತಿ ಇಬ್ಬರನ್ನೂ ಶೆಡ್ಡಿನ ಮುಂದೆ ನಿಲ್ಲಿಸಿದ. "ಕಂಪನಿಯವನನ್ನ ಕರೆಸಿದೀನಿ. ಬ್ಯಾಟರಿ ಕೆಟ್ಟಿದ್ರೆ ಅವರು ಹೊಸದು ಕೊಡ್ತಾರೆ. ಆರೂವರೆ ಲಕ್ಷದ ಮಾಲು. ಕೆಟ್ಟಿಲ್ಲ, ಓಡಿಸಿದವರದ್ದೇ ತಪ್ಪು ಅಂತ ಬಂದ್ರೆ, ತಪ್ಪು ಮಾಡಿದೋರು ಇನ್ನು ಈ ಸ್ಟೇರಿಂಗು ಮುಟ್ಟಬಾರದು. ಸಂಬಂಧ ಗಿಂಬಂಧ ನೋಡಲ್ಲ." ಕೊನೆಯ ಮಾತು ಹೇಳುವಾಗ ಅವನು ನೋಡಿದ್ದು ರೂಪಶ್ರೀಯನ್ನು.

ರಾಚಯ್ಯ ಹೆದರಲಿಲ್ಲ. ಬ್ಯಾಟರಿ ಕೆಟ್ಟಿದೆ ಎಂಬುದರಲ್ಲಿ ಅವನಿಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ಕೆಡದೆ ಇದ್ದೀತೇ? ಅದು ಹುಟ್ಟಿದ್ದೇ ಕೆಡುವುದಕ್ಕೆ.

ಚಂದ್ರನ್ ಎಂಬ ಕಂಪನಿಯವನು ಕೊಯಮತ್ತೂರಿನಿಂದ ಬಂದ. ಮೈಸೂರಿನಲ್ಲಿ ಎರಡು ವರ್ಷ ಇದ್ದವನಾದ್ದರಿಂದ ಕನ್ನಡ ಬರುತ್ತಿತ್ತು. ಕಾರಿಗೆ ವೈರು ಚುಚ್ಚಿ, ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು, ಸಿದ್ದಾಜಮ್ಮ ಕಳಿಸಿದ ಟೀ ಆರುವವರೆಗೂ ನೋಡಿದ. ಗುರುಮೂರ್ತಿ ಅತ್ತಿಂದಿತ್ತ ಓಡಾಡಿದ. ರಾಚಯ್ಯ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡ. ರೂಪಶ್ರೀ ಕಾರಿನ ಗಾಜು ಒರೆಸುತ್ತಿದ್ದಳು, ಒರೆಸಿದ್ದನ್ನೇ ಒರೆಸುತ್ತಿದ್ದಳು.

"ಸಾರ್, ಬ್ಯಾಟರಿ ಸೂಪರಾಗಿದೆ. ಹೊಸದು ಇದ್ದಂಗೇ ಇದೆ" ಎಂದ ಚಂದ್ರನ್.

ರಾಚಯ್ಯ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ.

"ಮತ್ತೆ ಯಾಕೆ ಹಿಂಗೆ?" ಎಂದ ಗುರುಮೂರ್ತಿ.

"ಇಳೀವಾಗ ನ್ಯೂಟ್ರಲ್‌ಗೆ ಹಾಕಿದಾರೆ ಸಾರ್. ಸುಮಾರು ಅರ್ಧ ಇಳಿತ ನ್ಯೂಟ್ರಲ್‌ನಲ್ಲೇ ಆಗಿದೆ. ಡ್ರೈವ್‌ನಲ್ಲಿ ಬಿಟ್ರೆ ಇಳಿವ ಗಾಡಿ ಮೋಟರನ್ನ ತಿರುಗಿಸ್ತದೆ, ಮೋಟರು ಕರೆಂಟು ಮಾಡಿ ಬ್ಯಾಟರಿಗೆ ವಾಪಸ್ ಕಳಿಸ್ತದೆ. ನ್ಯೂಟ್ರಲ್ ಆದ್ರೆ ಎಲ್ಲಾ ಬ್ರೇಕ್‌ನಲ್ಲಿ ಬಿಸಿಯಾಗಿ ಹೋಗ್ತದೆ. ಪ್ಯಾಡು ಬೇಗ ಸವೆದಿರಬೇಕಲ್ಲ?"

"ಸವೆದಿದೆ. ಯಾವ ದಿನ, ಯಾರು ಅಂತ ತೋರಿಸ್ತದಾ ಅದು?"

"ಇಲ್ಲ ಸಾರ್. ಒಟ್ಟು ಲೆಕ್ಕ ಮಾತ್ರ."

ಗುರುಮೂರ್ತಿ ಒಂದು ಗಳಿಗೆಯೂ ಯೋಚಿಸಲಿಲ್ಲ. "ಯಾರು ಅಂತ ನಂಗೆ ಗೊತ್ತು. ಈ ಹುಡುಗಿಗೆ ಡ್ರೈವ್ ಯಾವುದು, ನ್ಯೂಟ್ರಲ್ ಯಾವುದು ಅಂತಾನೇ ತಿಳಿದಿಲ್ಲ. ನಾಲ್ಕು ತಿಂಗಳು ಗುಂಡಿ ತಪ್ಪು ತಿರುಗಿಸ್ಕೊಂಡು ಓಡಿಸಿದಾಳೆ. ಪುಣ್ಯ, ಯಾರೂ ಸಾಯಲಿಲ್ಲ."

ರೂಪಶ್ರೀಯ ಕೈಯ ಬಟ್ಟೆ ಗಾಜಿನ ಮೇಲೆ ನಿಂತಿತು. ಅವಳು ಮಾವನನ್ನು ನೋಡಿದಳು. ಎಲ್ಲವೂ ಅವಳಿಗೆ ಅರ್ಥವಾಗಿತ್ತು, ಅರ್ಥವಾಗಿದೆ ಎಂಬುದು ರಾಚಯ್ಯನಿಗೂ ಅರ್ಥವಾಯಿತು. ಆದರೂ ಅವಳು ಬಾಯಿ ಬಿಡಲಿಲ್ಲ. ತಾಯಿಯ ಅಣ್ಣನನ್ನು ಮೂರನೆಯವರ ಮುಂದೆ ಹಿಡಿದುಕೊಡುವ ಹೆಣ್ಣಲ್ಲ ಅದು.

ಸುಮ್ಮನಿದ್ದರೆ ಆಯಿತು. ಇದು ರಾಚಯ್ಯನಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಯಂತ್ರ ಹೇಳುವುದಿಲ್ಲ, ಅವಳು ಹೇಳುವುದಿಲ್ಲ. ನಾಳೆಯಿಂದ ಡ್ರೈವ್‌ನಲ್ಲೇ ಇಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ಸ್ಟೇರಿಂಗು ಉಳಿಯುತ್ತದೆ. ಇಷ್ಟು ದಿನ ಅವಳ ಮೇಲೆ ಹೊರಿಸಿದ್ದು ಸಣ್ಣದೇನಲ್ಲ, ಇದೊಂದು ಹೆಚ್ಚೇ? ಕಲ್ಲಿನ ಮೇಲೆ ಕೂತು, ಬಾಯಲ್ಲಿ ಎಲೆ ಅಡಿಕೆಯ ರಸ ತುಂಬಿಕೊಂಡು, ಅವನು ಸುಮ್ಮನೇ ಇದ್ದ. ನಾಚಿಕೆಗೇಡಿನ ಮಾತು, ಆದರೆ ಇದ್ದದ್ದು ನಿಜ. ಎಷ್ಟು ಹೊತ್ತೆಂದರೆ, ಗುರುಮೂರ್ತಿ ಕೈ ಚಾಚಿ ರೂಪಶ್ರೀಯಿಂದ ಕೀಲಿ ಇಸಿದುಕೊಳ್ಳುವವರೆಗೆ.

ಚಂದ್ರನ್ ವೈರು ಸುತ್ತುತ್ತ, ರೂಪಶ್ರೀಯನ್ನು ಮೆಚ್ಚುಗೆಯಿಂದ ನೋಡಿ, ತನ್ನ ಪಾಡಿಗೆ ಹೇಳಿದ: "ತಪ್ಪು ತಪ್ಪೇ ಸಾರ್. ಆದ್ರೆ ಒಂದು ಮಾತು. ಈ ಕಲ್ಲಟ್ಟೀನ ನ್ಯೂಟ್ರಲ್‌ನಲ್ಲಿ, ಬರೀ ಬ್ರೇಕಿನ ಮೇಲೆ, ನಾಲ್ಕು ತಿಂಗಳು ಇಳಿಸಿದಾರೆ, ಒಂದು ಗೀಚೂ ಇಲ್ಲ. ಮೇಡಂ ಕಾಲು ಸಾಮಾನ್ಯದ ಕಾಲಲ್ಲ. ಇಂಥ ಡ್ರೈವರನ್ನ ನಾನು ನೋಡಿಲ್ಲ."

ರಾಚಯ್ಯ ಪಕ್ಕಕ್ಕೆ ಉಗಿದು ಎದ್ದು ನಿಂತ.

"ಇವಳಾ?" ಎಂದ. "ಇವಳ ಕಾಲಾ? ಏನ್ ಸ್ವಾಮಿ ಮಾತಾಡ್ತಿದ್ದರಿ? ನ್ಯೂಟ್ರಲ್‌ನಲ್ಲಿ ಕಲ್ಲಟ್ಟಿ ಇಳಿಸಕ್ಕ ಇವಳು ಇನ್ನೊಂದು ಸಲ ಹುಟ್ಬೇಕು. ಹನ್ನೆರಡನೇ ತಿರುವು ಹೆಂಗದ ಅಂತ ಗೊತ್ತಾ ನಿಮ್ಗ? ಅಲ್ಲಿ ಬ್ರೇಕು ಎರಡ್ ಸಲ ಮುಟ್ಬೇಕು, ಮೂರನೇದು ಮುಟ್ಟಿದ್ರ ಹಿಂದಿನ ಚಕ್ರ ಜಾರ್ತದ. ಇವಳಿಗ ಗೊತ್ತಾ ಅದು? ನಾನು ಇಳ್ಸಿದ್ದು. ಒಂದೊಂದು ತಿರುವೂ ನಾನೇ ಇಳ್ಸಿದ್ದು. ಇವಳು ಒಂದು ದಿನಾನೂ ನ್ಯೂಟ್ರಲ್ಗ ಹಾಕಿಲ್ಲ. ಬ್ಯಾಡ ಅಂದಿದ್ದೂ ನಾನೇ, ಬರಾದಿಲ್ಲ ಅಂತ."

ತಾನು ಏನು ಹೇಳಿದೆನೆಂದು ರಾಚಯ್ಯನಿಗೆ ತಿಳಿದದ್ದು ಹೇಳಿ ಮುಗಿದ ಮೇಲೆ. ಗುರುಮೂರ್ತಿ ಕೈಯಲ್ಲಿದ್ದ ಕೀಲಿಯನ್ನು ನೋಡಿದ, ರಾಚಯ್ಯನನ್ನು ನೋಡಿದ, ಮುಖ ಸಿಂಡರಿಸಿ ಕೀಲಿಯನ್ನು ರೂಪಶ್ರೀಗೆ ಹಿಂದಕ್ಕೆ ಕೊಟ್ಟ.

"ಇಷ್ಟು ದಿನ ಅವಳು ಬ್ಯಾಟರಿ ಹಿಂಡಿದ್ಲು ಅಂದೆಯಲ್ಲ ರಾಚಯ್ಯ" ಎಂದ.

ಅಂದಿನಿಂದ ಸ್ಟೇರಿಂಗು ರೂಪಶ್ರೀಯದೇ. ರಾಚಯ್ಯನನ್ನು ಮನೆಗೆ ಕಳಿಸಬೇಕೆಂದಿದ್ದ ಗುರುಮೂರ್ತಿಯ ಮುಂದೆ ಅವಳೇ ಹೋಗಿ ನಿಂತು, ಒಂದು ತಿಂಗಳು ಪಕ್ಕದಲ್ಲಿ ಕೂತು ಬರಲಿ, ಈ ಕಾರು ಕಲಿತ ಮೇಲೆ ನೋಡೋಣ ಎಂದು ಒಪ್ಪಿಸಿದಳು. ತಾನು ಸ್ಟೇರಿಂಗು ಹಿಡಿಸಿದವಳ ಪಕ್ಕದಲ್ಲಿ ಕಲಿಯುವವನಾಗಿ ಕೂರುವುದಕ್ಕಿಂತ ಇಡ್ಲಿ ಅಂಗಡಿಯಲ್ಲಿ ತಟ್ಟೆ ತೊಳೆಯುವುದು ಮೇಲು ಎಂದ ರಾಚಯ್ಯ. ಸಿದ್ದಾಜಮ್ಮ ತಟ್ಟೆಯ ರಾಶಿ ತಂದು ಮುಂದಿಟ್ಟಳು. ಮಾರನೇ ದಿನ ಅವನು ಕಾರಿನಲ್ಲಿದ್ದ.

ಎಡಗಡೆ ಸೀಟಿನಿಂದ ಅವನು ಕಲ್ಲಟ್ಟಿಯನ್ನು ನೋಡಿದ್ದು ಅದೇ ಮೊದಲು. ಕಾಲಡಿ ಪೆಡಲಿಲ್ಲ, ಪಾದ ಸುಮ್ಮನೆ ಕಾರಿನ ನೆಲ ಒತ್ತುತ್ತಿತ್ತು. ಹಿಂದೆ ಕೂತ ಗಂಡ ಹೆಂಡತಿ ಫೋಟೋ ತೆಗೆದುಕೊಳ್ಳುತ್ತಿದ್ದರು. ರೂಪಶ್ರೀ ಡ್ರೈವ್‌ನಲ್ಲೇ ಇಳಿಸಿದಳು. ಕಾಲು ಎತ್ತಿದರೆ ಸಾಕು, ಕಾರು ತಾನಾಗಿ ಹಿಂದಕ್ಕೆ ಜಗ್ಗಿಕೊಂಡು ನಿಧಾನವಾಗುತ್ತಿತ್ತು, ಬ್ರೇಕು ಮುಟ್ಟುವ ಕೆಲಸವೇ ಅಪರೂಪ. ಘಾಟಿಯ ತಲೆಯಲ್ಲಿ ಪರದೆಯ ಮೇಲೆ ನಲವತ್ತೇಳು ಇತ್ತು. ಹದಿಮೂರನೇ ತಿರುವು ದಾಟುವ ಹೊತ್ತಿಗೆ ನಲವತ್ತೊಂಬತ್ತು ಆಯಿತು.

"ಸುಳ್ಳು ಮೀಟ್ರು" ಎಂದ ರಾಚಯ್ಯ.

ರೂಪಶ್ರೀ ಒಂದು ತಿರುವು ಮುಗಿಸಿ ಹೇಳಿದಳು: "ಸಿಂಗಾರದ ಪೈಪಲ್ಲಿ ನೀರು ಇಳಿದು ಕರೆಂಟಾಗ್ತದಲ್ಲ ಮಾವ, ಇದೂ ಅದೇಯ. ಅಲ್ಲಿ ನೀರಿಳೀತದೆ, ಇಲ್ಲಿ ನಾವು ಇಳಿತೀವಿ."

ಲೈನ್ ಮನೆಯ ಗೋಡೆಯಾಚೆಯ ಗುಂಯ್ ಸದ್ದು ರಾಚಯ್ಯನ ಕಿವಿಯಲ್ಲಿ ಬಂತು. ಆ ಪೈಪಿನ ಬುಡದಲ್ಲಿ ಹುಟ್ಟಿ, ಅದರ ಬಣ್ಣ ಬಳಿದ ಕೂಲಿಯಲ್ಲಿ ಅನ್ನ ತಿಂದು, ಇಳಿಯುವುದರಿಂದ ಕರೆಂಟು ಬರುತ್ತದೆ ಎಂದು ತಿಳಿಯಲು ಅರವತ್ತೆರಡು ವರ್ಷ ಹಿಡಿಯಿತು. ಇಷ್ಟು ವರ್ಷ ಊರಿನವರಿಗೆಲ್ಲ ಹಂಚಿದ ತಾತ್ಸಾರದಲ್ಲಿ ಒಂದು ಪಾಲು ತನಗೂ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು. ಥೂ ನಿನ್ನ, ಎಂದು ತನ್ನನ್ನೇ ಬೈದುಕೊಂಡ, ಮನಸ್ಸಿನಲ್ಲೇ.

ಇಪ್ಪತ್ತೊಂಬತ್ತನೇ ತಿರುವಿನ ಹತ್ತಿರ ಅವಳು ಮೆಲ್ಲಗೆ ಕೇಳಿದಳು: "ಅವತ್ತು ನನ್ನ ಉಳಿಸಕ್ಕೆ ಹೇಳಿದ್ರಾ ಮಾವ?"

"ನಿನ್ನ ಉಳಿಸಕ್ಕಾ? ಅಂವ ನಿನ್ನ ಕಾಲ ಹೊಗಳ್ದ. ತಡಿಯಕ್ಕಾಗ್ನಿಲ್ಲ, ಅಷ್ಟೇಯ." ಅದು ಸತ್ಯವೇ ಆಗಿತ್ತು. ಬೇರೆ ಸತ್ಯವನ್ನು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

ರೂಪಶ್ರೀ ನಕ್ಕಳು. "ಹಂಗಾದ್ರೆ ಆ ನ್ಯೂಟ್ರಲ್ಲು ಒಂದಿನ ನನಗೂ ಹೇಳ್ಕೊಡಿ. ಜೀಪೇನಾದ್ರೂ ಸಿಕ್ಕಿದ್ರೆ ಬೇಕಾಯ್ತದೆ."

ಬರಾದಿಲ್ಲ ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂತು. ನಲವತ್ತು ವರ್ಷದ ಅಭ್ಯಾಸ. ಪರದೆಯ ಮೇಲೆ ಐವತ್ತೊಂದು ಹೋಗಿ ಐವತ್ತೆರಡು ಬಂತು.

"ಬ್ಯಾಡ" ಎಂದ ರಾಚಯ್ಯ. "ನಿಂಗದು ಬೇಕಾಗಿಲ್ಲ. ರಸ್ತೆ ನೋಡು."

ಅವಳು ರಸ್ತೆ ನೋಡಿದಳು. ಅವನು ಮಸಿನಗುಡಿ ಬರುವವರೆಗೂ ಆ ನಂಬರಿನ ಮೇಲಿಂದ ಕಣ್ಣು ತೆಗೆಯಲಿಲ್ಲ.